ಯಂತ್ರಯುಗದಲ್ಲಿ ವಿದ್ಯಾದಾನ

(ಶ್ರೀಮಠದ ಪ್ರಸಾದನಿಲಯದ ಅಮೃತಮಹೋತ್ಸವದ ವಿದ್ವತ್ಸಭೆಯಲ್ಲಿ ಮಾಡಿದ ಉಪನ್ಯಾಸ)





ಈ ಮಹೋತ್ಸವದ ಸಂದರ್ಭದಲ್ಲಿ ಯಂತ್ರವಿದ್ಯೆಯು ಮುಂದಿನ ಶಿಕ್ಷಣವನ್ನು ಯಾವ ರೀತಿಯಲ್ಲಿ ಮಾರ್ಪಡಿಸಬಹುದೆಂಬ ವಿಷಯವಾಗಿ ನಾಲ್ಕು ಮಾತುಗಳನ್ನು ಆಡಬೇಕೆಂದು ಸನ್ನಿಧಿಯವರ ಅಪ್ಪಣೆಯಾಯಿತು. ಅಮರಕೋಶ, ಲಘುಕೌಮುದಿಗಳನ್ನು ಬಾಯಿಪಾಠ ಮಾಡಿ ಬೆಳೆದ ನನ್ನಂಥವನಿಗೆ ಇದು ತಕ್ಕ ವಿಷಯವೇ ಎಂದು ಮೊದಲು ಸಂದೇಹವಾಯಿತು. ಆದರೆ ಯಂತ್ರವನ್ನು ಬಲ್ಲವರು ಯಂತ್ರದ ಗುಣವನ್ನು ಹೇಳುವರು. ಅದು ಮಕ್ಕಳ ಮನಸ್ಸಿನ ಮೇಲೆ ಏನು ಮಾಡುವುದೆಂಬುದನ್ನು ಮಕ್ಕಳೆದುರಿಗೆ ಕುಳಿತು ಪಾಠ ಹೇಳುವವನೂ ಹೇಳಬೇಕಾಗುವುದು. ಆದುದರಿಂದ ಅಲ್ಪಮತಿಗೆ ತೋರಿದಷ್ಟನ್ನು ಅರಿಕೆ ಮಾಡಿಕೊಳ್ಳುವೆನು. ತಪ್ಪಿದ್ದರೆ ಹಿರಿಯರು ತಿದ್ದಬೇಕು.

ಹೋದ ವರ್ಷದ ಬಸವಜಯಂತಿಯ ದಿನ ಇದೇ ಮಂಟಪದಲ್ಲಿ ನಮ್ಮ ಪ್ರಸಾದನಿಲಯದ ವಿದ್ಯಾರ್ಥಿಯೊಬ್ಬನು ಭಾಷಣ ಮಾಡಿದನು. ಕೊನೆಯಲ್ಲಿ ಬಸವಣ್ಣನವರದೆಂದು ಒಂದು ವಚನವನ್ನು ಹೇಳಿದನು. ಅಂಕಿತವು ಸರಿಯಾಗಿದ್ದಿತು, ಭಾವವು ಉದಾತ್ತವಾಗಿದ್ದಿತು, ಮಾತಿನ ನಡೆಯೂ ಮೃದುವಾಗಿದ್ದಿತು. ಸಭೆಯು ಚಪ್ಪಾಳೆ ತಟ್ಟಿತು. ನಾನೂ ತಲೆದೂಗಿದೆನು. ಆದರೆ ಅದರೊಳಗಿನ ಒಂದು ಮಾತು ಅನ್ನದಲ್ಲಿ ಸಿಕ್ಕಿದ ಹರಳಿನಂತೆ ರಾತ್ರಿಯವರೆಗೂ ನನ್ನನ್ನು ಬಾಧಿಸುತ್ತಲೇ ಇದ್ದಿತು. ಅದು ಹನ್ನೆರಡನೆಯ ಶತಮಾನದ ಮಾತೆಂದು ತೋರಲಿಲ್ಲ. ಮರುದಿನ ಗ್ರಂಥಾಲಯದಲ್ಲಿ ಕುಳಿತು, ಕರ್ನಾಟಕ ಸರ್ಕಾರವು 1993ರಲ್ಲಿ ಪ್ರಕಟಿಸಿದ ಸಮಗ್ರ ವಚನ ಸಂಪುಟಗಳನ್ನು ತೆಗೆದು ನೋಡಿದೆನು. ಬಸವಣ್ಣನವರ ಸಂಪುಟದಲ್ಲಿ ಆ ವಚನವಿರಲಿಲ್ಲ. ಉಳಿದ 14 ಸಂಪುಟಗಳಲ್ಲಿಯೂ ಇರಲಿಲ್ಲ.

ಹುಡುಗನನ್ನು ಕರೆದು ಕೇಳಿದೆನು. ಅವನು ಅಂಜದೆ, "ಗುರುಗಳೆ, ಮೊಬೈಲಿನಲ್ಲಿ ಪ್ರಶ್ನೆಗೆ ಉತ್ತರ ಹೇಳುವ ಯಂತ್ರವಿದೆಯಲ್ಲ, ಎಲ್ಲರೂ ಸರಿಸಮಾನರೆಂಬ ವಿಷಯದ ಮೇಲೆ ಬಸವಣ್ಣನವರ ಒಂದು ವಚನವನ್ನು ಕೊಡು ಎಂದು ಅದನ್ನು ಕೇಳಿದೆ, ಅದು ಕೊಟ್ಟಿತು" ಎಂದನು. ಅಂತಹ ವಚನವೇ ಇಲ್ಲವೆಂದು ತಿಳಿಸಿದಾಗ ಅವನ ಕಣ್ಣಲ್ಲಿ ನೀರು ಬಂದಿತು. "ಅದು ಇಲ್ಲದ್ದನ್ನು ಹೇಳುವುದೆಂದು ನನಗೆ ತಿಳಿದಿರಲಿಲ್ಲ, ಗುರುಗಳೆ" ಎಂದನು. ಸ್ವಲ್ಪ ಹೊತ್ತು ಸುಮ್ಮನಿದ್ದು, ಮತ್ತೊಂದು ಪ್ರಶ್ನೆಯನ್ನೂ ಕೇಳಿದನು: "ಕೇಳಿದುದನ್ನೆಲ್ಲ ಹೇಳುವ ಯಂತ್ರವು ಕೈಯಲ್ಲಿರುವಾಗ ನಾವು ಬಾಯಿಪಾಠ ಮಾಡುವುದಾದರೂ ಏತಕ್ಕೆ?"

ಆ ದಿನ ಅವನಿಗೆ ಸರಿಯಾದ ಉತ್ತರವನ್ನು ಕೊಡಲು ನನ್ನಿಂದಾಗಲಿಲ್ಲ. ಈ ಉಪನ್ಯಾಸವು ಅವನ ಪ್ರಶ್ನೆಗೆ ತಡವಾಗಿ ಕೊಡುವ ಉತ್ತರವೆಂದು ತಿಳಿಯಬೇಕು.

ಮೊದಲು ನಮ್ಮ ಹಿಂದಿನ ಶಾಲೆಗಳು ಹೇಗಿದ್ದವೆಂಬುದನ್ನು ನೋಡೋಣ. ಏಕೆಂದರೆ, ಹೊಸದನ್ನು ನಿಂದಿಸುವವರು ಹಳೆಯದನ್ನು ಚಿನ್ನವೆಂದು ಭಾವಿಸುವುದು ವಾಡಿಕೆ. ಐಗಳ ಮಠ, ಕೂಲಿಮಠ ಎಂಬ ಹೆಸರುಗಳನ್ನು ನಿಮ್ಮಲ್ಲಿ ಹಿರಿಯರು ಕೇಳಿರುವಿರಿ. ಊರಿನ ಗುಡಿಯ ಪೌಳಿಯಲ್ಲಿಯೋ ಮಠದ ಜಗಲಿಯ ಮೇಲೆಯೋ ಐಗಳು ಕುಳಿತಿರುವರು. ಮಕ್ಕಳು ಮರಳಿನ ಮೇಲೆ ಬೆರಳಿನಿಂದ ಅಕ್ಷರ ತಿದ್ದುವರು. ಕೈ ಕುದುರಿದ ಮೇಲೆ ಹಲಗೆಯ ಮೇಲೆಯೂ, ಕಪ್ಪು ಬಳಿದ ಬಟ್ಟೆಯ ಕಡತದ ಮೇಲೆಯೂ ಬಳಪದಿಂದ ಬರೆಯುವರು. ಆಮೇಲೆ ಓಲೆಗರಿ, ಕಂಠ. ಸಂಜೆಗೆ ಎಲ್ಲರೂ ಸಾಲಾಗಿ ನಿಂತು ಮಗ್ಗಿ ಒಪ್ಪಿಸುವರು. ಮುಂದೆ ಕಲಿತ ಹುಡುಗನು ಹಿಂದಿನವನಿಗೆ ಹೇಳಿಕೊಡುವನು.

ಮದರಾಸಿನ ಗವರ್ನರಾಗಿದ್ದ ಥಾಮಸ್ ಮನ್ರೋ ಎಂಬವರು 1822ರಲ್ಲಿ ಆ ಪ್ರಾಂತದ ಶಾಲೆಗಳ ವಿಚಾರಣೆಯನ್ನು ಮಾಡಿಸಿದರು. ಬಳ್ಳಾರಿಯ ಕಲೆಕ್ಟರಾಗಿದ್ದ ಕ್ಯಾಂಪ್‌ಬೆಲ್ಲರು 1823ರಲ್ಲಿ ತಮ್ಮ ವರದಿಯನ್ನು ಕಳುಹಿಸಿದರು. ಆಗಿನ ಬಳ್ಳಾರಿ ಜಿಲ್ಲೆಯಲ್ಲಿ ಈಗಿನ ಅನಂತಪುರದ ಸೀಮೆಯೂ ಸೇರಿದ್ದಿತು. ಆ ಜಿಲ್ಲೆಯಲ್ಲಿ ಒಟ್ಟು 533 ಶಾಲೆಗಳು. ಅವುಗಳಲ್ಲಿ 235 ಕನ್ನಡದವು, 226 ತೆಲುಗಿನವು. ಹಣದ ವೆಚ್ಚವಿಲ್ಲದೆ ಬರೆಹ ಕಲಿಸುವ ಕ್ರಮವನ್ನೂ, ಹಿರಿಯ ವಿದ್ಯಾರ್ಥಿಗಳಿಂದ ಕಿರಿಯರಿಗೆ ಪಾಠ ಹೇಳಿಸುವ ಪದ್ಧತಿಯನ್ನೂ ಅವರು ಮನಸಾರೆ ಹೊಗಳಿದ್ದಾರೆ. ಈ ಪದ್ಧತಿಯು ಅದಕ್ಕೂ ಮೊದಲೇ ಕಡಲು ದಾಟಿ ಹೋಗಿದ್ದಿತು. ಮದರಾಸಿನ ಅನಾಥಬಾಲಕರ ಶಾಲೆಯ ಮೇಲ್ವಿಚಾರಕರಾಗಿದ್ದ ಆಂಡ್ರೂ ಬೆಲ್ ಎಂಬ ಪಾದ್ರಿಯವರು ಈ ನಾಡಿನ ಮಕ್ಕಳು ಮರಳಿನ ಮೇಲೆ ಬರೆಯುವುದನ್ನು ಕಂಡು, ಅದನ್ನು ತಮ್ಮ ಶಾಲೆಯಲ್ಲಿ ಪ್ರಯೋಗಿಸಿ, 1797ರಲ್ಲಿ ಲಂಡನ್ನಿನಲ್ಲಿ ಪುಸ್ತಕವಾಗಿ ಪ್ರಕಟಿಸಿದರು. ಇಂಗ್ಲೆಂಡಿನ ಬಡಮಕ್ಕಳ ಎಷ್ಟೋ ಶಾಲೆಗಳು ಮುಂದೆ ಮದರಾಸು ಪದ್ಧತಿಯೆಂಬ ಹೆಸರಿನಿಂದಲೇ ನಡೆದವು. ಹಿಡಿ ಮರಳೂ ವಿದ್ಯಾಸಾಧನವೇ ಎಂಬುದನ್ನು ಮರೆಯಬಾರದು.

ಆದರೆ ಅದೇ ವರದಿಯಲ್ಲಿ ನಾವು ತಲೆ ತಗ್ಗಿಸಬೇಕಾದ ಎರಡು ಸಂಗತಿಗಳಿವೆ. ಒಂದನೆಯದು, ಮಕ್ಕಳು ಬಾಯಿಪಾಠ ಮಾಡುತ್ತಿದ್ದ ಕಾವ್ಯಗಳ ಭಾಷೆಯು ಆಡುಮಾತಿಗೆ ದೂರವಾದುದು. ಅದರ ಅರ್ಥವು ಮಕ್ಕಳಿಗಿರಲಿ, ಎಷ್ಟೋ ಉಪಾಧ್ಯಾಯರಿಗೇ ತಿಳಿದಿರಲಿಲ್ಲ. ಗಿಳಿಯು ಓದಿದಂತೆ ಓದುತ್ತಿದ್ದರು. ಎರಡನೆಯದು, ಆ ಶಾಲೆಗಳಲ್ಲಿದ್ದ 6,641 ಮಂದಿ ವಿದ್ಯಾರ್ಥಿಗಳಲ್ಲಿ ಹೆಣ್ಣುಮಕ್ಕಳು 60 ಮಂದಿ ಮಾತ್ರ. ನೂರಕ್ಕೆ ಒಬ್ಬಳೂ ಇಲ್ಲ. ಸ್ತ್ರೀಯರೂ ಕಾಯಕಜೀವಿಗಳೂ ತಾವೇ ವಚನಗಳನ್ನು ರಚಿಸಿದ ನಾಡಿನಲ್ಲಿ, ಏಳು ಶತಮಾನಗಳು ಕಳೆಯುವಷ್ಟರಲ್ಲಿ ಇದು ನಮ್ಮ ಸ್ಥಿತಿಯಾಗಿದ್ದಿತು. ಅರ್ಥವಿಲ್ಲದ ಓದು, ಎಲ್ಲರಿಗೂ ಇಲ್ಲದ ಓದು: ಇವೆರಡೂ ನಮ್ಮ ಹಳೆಯ ವಿದ್ಯಾಪದ್ಧತಿಯ ರೋಗಗಳು. ಹೊಸ ಸಾಧನವು ಬಂದಾಗಲೆಲ್ಲ ಈ ಎರಡು ರೋಗಗಳಲ್ಲಿ ಯಾವುದನ್ನು ಕಳೆಯುವುದು, ಯಾವುದನ್ನು ಬೆಳೆಸುವುದು ಎಂದು ಕೇಳುವುದೇ ಸರಿಯಾದ ಪರೀಕ್ಷೆಯೆಂದು ನನ್ನ ಭಾವನೆ.

ಈ ಒರೆಗಲ್ಲಿಗೆ ಮೊದಲು ಅಚ್ಚಿನ ಯಂತ್ರವನ್ನು ಹಚ್ಚೋಣ. ಕನ್ನಡದ ಮೊಳೆಗಳಿಂದ ಅಚ್ಚಾದ ಕೇರಿಯವರ ವ್ಯಾಕರಣವು 1817ರಲ್ಲಿ ಶ್ರೀರಾಮಪುರದಲ್ಲಿ ಹೊರಬಂದಿತು. ಮಂಗಳೂರಿನ ಬಾಸೆಲ್ ಮಿಶನ್ನಿನವರು 1841ರಲ್ಲಿ ಮುದ್ರಣಾಲಯವನ್ನು ಸ್ಥಾಪಿಸಿದರು. 1843ರಲ್ಲಿ ಮಂಗಳೂರ ಸಮಾಚಾರವು ಹೊರಟಿತು. ಆದರೆ ನಮ್ಮ ಮನೆಯ ನಿಧಿಯಾದ ವಚನಶಾಸ್ತ್ರವು ಬಹುಕಾಲ ಓಲೆಯ ಕಟ್ಟುಗಳಲ್ಲಿಯೇ ಮಲಗಿದ್ದಿತು. ಅನೇಕ ಮನೆಗಳಲ್ಲಿ ಆ ಕಟ್ಟುಗಳಿಗೆ ವಿಭೂತಿ, ಪತ್ರಿಗಳನ್ನು ಏರಿಸಿ ಪೂಜೆ ಮಾಡುತ್ತಿದ್ದರು. ಬಿಚ್ಚಿ ಓದುವವರು ಇರಲಿಲ್ಲ. ಪೂಜೆಯು ನಡೆಯುತ್ತಿದ್ದಿತು, ಓಲೆಯನ್ನು ಹುಳು ತಿನ್ನುತ್ತಿದ್ದಿತು.

ವಿಜಾಪುರದಲ್ಲಿ ವಕೀಲರಾಗಿದ್ದ ಫ. ಗು. ಹಳಕಟ್ಟಿಯವರು ಮನೆಮನೆಗೂ ಮಠಮಠಗಳಿಗೂ ಅಲೆದು ಆ ಕಟ್ಟುಗಳನ್ನು ಬೇಡಿ ತಂದರು. 1923ರಲ್ಲಿ ವಚನಶಾಸ್ತ್ರಸಾರದ ಮೊದಲನೆಯ ಭಾಗವು ಪ್ರಕಟವಾಯಿತು. ಅನ್ಯರ ಮುದ್ರಣಾಲಯಗಳನ್ನು ನಂಬಿ ಈ ಕಾರ್ಯವು ಸಾಗದೆಂದು ಸ್ವಂತ ಮನೆಯನ್ನು ಮಾರಿ ಹಿತಚಿಂತಕ ಮುದ್ರಣಾಲಯವನ್ನು ನಡೆಸಿದರು. 1926ರಲ್ಲಿ ಶಿವಾನುಭವ ಪತ್ರಿಕೆಯನ್ನು ಆರಂಭಿಸಿದರು. ಇಂದು ಯಾವ ಊರಿನ ಯಾವ ಹೆಣ್ಣುಮಗಳಾದರೂ ಅಕ್ಕಮಹಾದೇವಿಯ ವಚನವನ್ನು ತಾನೇ ಓದುತ್ತಿದ್ದರೆ ಅದು ಆ ಯಂತ್ರದ ಪುಣ್ಯ, ಆ ಮನೆಯ ಪುಣ್ಯ. ಎಲ್ಲರಿಗೂ ಇಲ್ಲದ ಓದೆಂಬ ರೋಗಕ್ಕೆ ಅಚ್ಚಿನಂತಹ ಔಷಧವು ಅಲ್ಲಿಯವರೆಗೆ ಬಂದಿರಲಿಲ್ಲ.

ಅಚ್ಚಿನಿಂದ ನಷ್ಟವೂ ಆಯಿತು. ಕಂಠದಲ್ಲಿದ್ದುದು ಕಪಾಟಿಗೆ ಹೋಯಿತು. ಪುಸ್ತಕವು ಮನೆಯಲ್ಲಿದ್ದರೆ ವಿದ್ಯೆಯೂ ಮನೆಯಲ್ಲಿದೆಯೆಂಬ ಭ್ರಾಂತಿಯು ಹುಟ್ಟಿತು. ಆದರೂ ಆ ನಷ್ಟಕ್ಕೆ ಅಂಜಿ ಹಳಕಟ್ಟಿಯವರು ಸುಮ್ಮನಿದ್ದಿದ್ದರೆ ಇಂದು ನಮಗೆ ಕಳೆದುಕೊಳ್ಳಲು ಸಹ ಏನೂ ಉಳಿಯುತ್ತಿರಲಿಲ್ಲ. ಯಂತ್ರವನ್ನು ನಿಷೇಧಿಸಬೇಕೆನ್ನುವ ನಮ್ಮ ಕೆಲವು ಹಿರಿಯರು ಈ ಮಾತನ್ನು ಮನಸ್ಸಿಗೆ ತಂದುಕೊಳ್ಳಬೇಕೆಂದು ಪ್ರಾರ್ಥಿಸುತ್ತೇನೆ.

ಅಚ್ಚಿನ ಅನಂತರ ಆಕಾಶಮಾರ್ಗದ ಸಾಧನಗಳು ಬಂದವು. ಮೈಸೂರಿನಲ್ಲಿ ಪ್ರಾಧ್ಯಾಪಕರಾಗಿದ್ದ ಎಂ. ವಿ. ಗೋಪಾಲಸ್ವಾಮಿಯವರು 1935ರಲ್ಲಿ ತಮ್ಮ ಮನೆಯಿಂದಲೇ ಬಾನುಲಿಯನ್ನು ಆರಂಭಿಸಿದರು. ಆಕಾಶವಾಣಿಯೆಂಬ ಹೆಸರು ಅಲ್ಲಿಂದ ಇಡೀ ದೇಶಕ್ಕೆ ಹರಡಿತು. ಅದಾಗಿ 40 ವರ್ಷಗಳ ಮೇಲೆ, 1975ನೆಯ ಆಗಸ್ಟ್ 1ರಿಂದ ಒಂದು ವರ್ಷದ ಕಾಲ, ಅಮೆರಿಕೆಯ ಒಂದು ಕೃತಕ ಉಪಗ್ರಹದ ಮೂಲಕ ಭಾರತದ 6 ರಾಜ್ಯಗಳ ಸುಮಾರು 2,400 ಹಳ್ಳಿಗಳಿಗೆ ದೂರದರ್ಶನದ ಪಾಠಗಳು ಬಂದವು. ಕರ್ನಾಟಕದಲ್ಲಿ ಅದಕ್ಕೆ ಆಯ್ದ ಜಿಲ್ಲೆಗಳು ವಿಜಾಪುರ, ಗುಲ್ಬರ್ಗಾ, ರಾಯಚೂರು. ವಿದ್ಯೆಯು ಎಲ್ಲಿಗೆ ತಲುಪುವುದು ಕಷ್ಟವೋ ಅಲ್ಲಿಗೇ ಮೊದಲು ಕಳುಹಿಸಬೇಕೆಂಬ ಸದ್ಬುದ್ಧಿಯು ಇದರಲ್ಲಿದ್ದಿತು. ಬೆಳಗ್ಗೆ ಶಾಲೆಯ ಮಕ್ಕಳಿಗೆ, ಸಂಜೆ ಒಕ್ಕಲುಮಕ್ಕಳಿಗೆ ಪಾಠ. ಆದರೆ ವರ್ಷ ತುಂಬಿದೊಡನೆ ಉಪಗ್ರಹದ ಅವಧಿಯು ಮುಗಿಯಿತು. ಬಹುಮಟ್ಟಿನ ಹಳ್ಳಿಗಳಲ್ಲಿ ಪಾಠವೂ ನಿಂತಿತು. ಗುಲ್ಬರ್ಗಾದಂತಹ ಕೆಲವೆಡೆ ಮಾತ್ರ ಮುಂದೆ ನೆಲದ ಮೇಲಿನ ಪ್ರಸಾರಕೇಂದ್ರಗಳು ಬಂದವು. 2004ರಲ್ಲಿ ನಮ್ಮವರೇ ಶಿಕ್ಷಣಕ್ಕೆಂದು ಎಜುಸ್ಯಾಟ್ ಎಂಬ ಉಪಗ್ರಹವನ್ನು ಹಾರಿಸಿದರು. ಚಾಮರಾಜನಗರದ ಪ್ರಾಥಮಿಕ ಶಾಲೆಗಳಿಗೂ ಅದರ ಪಾಠಗಳು ಬಂದವು. 2010ರ ಹೊತ್ತಿಗೆ ಅದರ ಆಯುಷ್ಯವೂ ತೀರಿತು. ಯಂತ್ರಕ್ಕೆ ಆಯುಷ್ಯವಿದೆ, ಒಡೆಯನಿದ್ದಾನೆ. ಬಾಡಿಗೆಯ ಎತ್ತನ್ನು ನಂಬಿ ಬಿತ್ತನೆ ಮಾಡುವವನು ಎತ್ತಿನವನು ಬಾರದ ದಿನಕ್ಕೂ ಏನಾದರೂ ಯೋಚನೆ ಮಾಡಿಟ್ಟಿರಬೇಕು. ಮುಂದಿನ ವಿದ್ಯೆಯನ್ನೆಲ್ಲ ಪರದೇಶದ ನಾಲ್ಕಾರು ವ್ಯಾಪಾರಸಂಸ್ಥೆಗಳ ಯಂತ್ರಗಳಿಗೆ ಒಪ್ಪಿಸಬೇಕೆನ್ನುವವರು ಈ ವಿಷಯವನ್ನು ಆಲೋಚಿಸಬೇಕು.

ಇನ್ನು ನಾವೆಲ್ಲರೂ ಕಣ್ಣಾರೆ ಕಂಡ ಕಾಲಕ್ಕೆ ಬರೋಣ. 2020ರ ಮಾರ್ಚಿನಲ್ಲಿ ಮಹಾಮಾರಿಯ ಕಾರಣದಿಂದ ಶಾಲೆಗಳು ಮುಚ್ಚಿದವು. ಜುಲೈ ತಿಂಗಳಲ್ಲಿ ಚಂದನ ವಾಹಿನಿಯ ಮೂಲಕ ಪ್ರೌಢಶಾಲೆಯ ಮಕ್ಕಳಿಗೆ ಪಾಠಗಳು ಬಂದವು. ಆಗಸ್ಟಿನಲ್ಲಿ ವಿದ್ಯಾಗಮವೆಂಬ ಯೋಜನೆಯು ಆರಂಭವಾಯಿತು. ಅದರಲ್ಲಿ ಮಕ್ಕಳನ್ನು ಮನೆಯಲ್ಲಿ ಯಾವ ಸಾಧನವೂ ಇಲ್ಲದವರು, ಸಾಮಾನ್ಯ ಮೊಬೈಲ್ ಮಾತ್ರ ಇರುವವರು, ಅಂತರ್ಜಾಲದ ಅನುಕೂಲವೂ ಇರುವವರು ಎಂದು ಮೂರು ಬಗೆಯಾಗಿ ವಿಂಗಡಿಸಿದರು. ಬುದ್ಧಿಯ ಮೇಲಿಂದಲ್ಲ, ವಯಸ್ಸಿನ ಮೇಲಿಂದಲೂ ಅಲ್ಲ, ಮನೆಯಲ್ಲಿರುವ ಯಂತ್ರದ ಮೇಲಿಂದ ಮಕ್ಕಳ ವರ್ಗೀಕರಣವಾಯಿತು. ಇದು ಯೋಜನೆ ಮಾಡಿದವರ ದೋಷವಲ್ಲ. ಇದ್ದ ಸ್ಥಿತಿಯನ್ನು ಅವರು ಇದ್ದಂತೆ ಕಂಡರು. ಉಪಾಧ್ಯಾಯರು ಗುಡಿಯ ಪೌಳಿಗಳಲ್ಲಿಯೂ, ಮರದ ನೆರಳಿನಲ್ಲಿಯೂ, ಮಠಗಳ ಜಗಲಿಗಳಲ್ಲಿಯೂ ಕುಳಿತು ಪಾಠ ಹೇಳಿದರು. ನಮ್ಮ ಶ್ರೀಮಠದ ಜಗಲಿಯ ಮೇಲೆಯೂ ಅಂತಹ ಒಂದು ಗುಂಪು ಕುಳಿತಿದ್ದಿತು. ಸೋಂಕಿನ ಭಯದಿಂದ ಅಕ್ಟೋಬರಿನಲ್ಲಿ ಅದೂ ನಿಂತಿತು.

ಆ ಗುಂಪಿನಲ್ಲಿದ್ದ ಒಬ್ಬ ಹುಡುಗಿಯನ್ನು, "ತಂಗೀ, ನಿಮ್ಮ ಮನೆಯಲ್ಲಿ ಮೊಬೈಲ್ ಇಲ್ಲವೇನವ್ವಾ?" ಎಂದು ಕೇಳಿದೆನು. "ಐತ್ರಿ ಅಜ್ಜಾರ, ಒಂದ ಐತಿ. ಅಪ್ಪ ಕೆಲಸಕ್ಕ ಒಯ್ತಾನ. ರಾತ್ರಿ ತಂದ್ರ ಅಣ್ಣ ಹಿಡ್ಕೊಂಡು ಕೂಡ್ತಾನ" ಎಂದಳು. ಬಳ್ಳಾರಿಯ ಆ 60 ಹೆಣ್ಣುಮಕ್ಕಳ ನೆನಪು ನನಗೆ ಆಗಲೇ ಬಂದಿತು. ಸಾಧನವು ಹೊಸದು, ಪಂಕ್ತಿಭೇದವು ಹಳೆಯದು.

ಮೊಬೈಲಿಗೆ ಕನ್ನಡದಲ್ಲಿ ಜಂಗಮವಾಣಿಯೆಂಬ ಚೆಲುವಾದ ಹೆಸರನ್ನು ಯಾರೋ ಇಟ್ಟಿದ್ದಾರೆ. ಚಲಿಸುವುದು ಜಂಗಮವೆಂಬ ಅರ್ಥದಲ್ಲಿ ಅದು ಸರಿಯೇ. ಆದರೆ ನಮ್ಮ ಧರ್ಮದಲ್ಲಿ ಜಂಗಮನೆಂದರೆ ಬರಿದೇ ತಿರುಗುವವನಲ್ಲ. ಅರಿವನ್ನು ಹೊತ್ತು, ಕರೆಯದವರ ಬಾಗಿಲಿಗೂ ತಾನೇ ಹೋಗುವವನು. ಅಣ್ಣನ ಕೈಯಲ್ಲಿಯೇ ಉಳಿದು ತಂಗಿಯ ಬಳಿಗೆ ಹೋಗದ ವಾಣಿಯು ಎಷ್ಟು ಊರು ತಿರುಗಿದರೂ ಸ್ಥಾವರವೇ ಸರಿ.

ಹೀಗೆಂದು ಯಂತ್ರದ ಉಪಕಾರವನ್ನು ಮರೆತರೆ ಕೃತಘ್ನತೆಯಾಗುವುದು. ಗದುಗಿನ ವೀರೇಶ್ವರ ಪುಣ್ಯಾಶ್ರಮವನ್ನು ನೆನೆಯಿರಿ. ಅಂಧರಾಗಿದ್ದ ಪಂಚಾಕ್ಷರಿ ಗವಾಯಿಗಳೂ, ಅವರ ಶಿಷ್ಯರಾದ ಪುಟ್ಟರಾಜ ಗವಾಯಿಗಳೂ ಅಂಧಬಾಲಕರನ್ನು ಕೂಡಿಸಿಕೊಂಡು, ಕಿವಿಯೊಂದನ್ನೇ ದ್ವಾರ ಮಾಡಿಕೊಂಡು ಅವರನ್ನು ವಿದ್ವಾಂಸರನ್ನಾಗಿ ಮಾಡಿದರು. ಫ್ರಾನ್ಸ್ ದೇಶದ ಲೂಯಿ ಬ್ರೈಲ್ ಎಂಬ ಅಂಧರು 1829ರಲ್ಲಿ ಪ್ರಕಟಿಸಿದ ಉಬ್ಬುಚುಕ್ಕೆಯ ಲಿಪಿಯು ಆರೇ ಚುಕ್ಕೆಗಳಿಂದ ಕೂಡಿದುದು. ಭಾರತದ ಭಾಷೆಗಳಿಗೆಲ್ಲ ಒಂದೇ ಕ್ರಮವಾದ ಭಾರತೀ ಬ್ರೈಲ್ 1951ರಲ್ಲಿ ಸ್ವೀಕೃತವಾಯಿತು. ಆದರೆ ಆ ಲಿಪಿಯಲ್ಲಿ ಅಚ್ಚಾದ ಕನ್ನಡ ಪುಸ್ತಕಗಳು ಬಹು ವಿರಳ. ಈಗ ಯಂತ್ರವು ಅಕ್ಷರವನ್ನು ನೋಡಿ ತಾನೇ ಗಟ್ಟಿಯಾಗಿ ಓದುವುದು. ನಮ್ಮಲ್ಲಿಗೆ ಪಾಠಕ್ಕೆ ಬರುವ ದೃಷ್ಟಿಹೀನ ವಿದ್ಯಾರ್ಥಿಯೊಬ್ಬನು ಮೊದಲು, ಓದಿ ಹೇಳುವ ಗೆಳೆಯನ ಬಿಡುವಿಗಾಗಿ ಕಾಯುತ್ತಿದ್ದನು. ಈಗ ನಡುರಾತ್ರಿಯಲ್ಲಿಯೂ ತನಗೆ ಬೇಕಾದ ಗ್ರಂಥವನ್ನು ತಾನೇ ಕೇಳುತ್ತಾನೆ. ಇನ್ನೊಬ್ಬರ ದಯೆಯನ್ನು ಕಾಯದೆ ಓದುವ ಸ್ವಾತಂತ್ರ್ಯವು ಎಷ್ಟು ದೊಡ್ಡದೆಂಬುದು ಕಣ್ಣುಳ್ಳ ನಮಗೆ ತಿಳಿಯುವುದಿಲ್ಲ.

ವಚನಾಧ್ಯಯನಕ್ಕೂ ಹೀಗೆಯೇ ಉಪಕಾರವಾಗಿದೆ. ವಚನ ಸಂಚಯವೆಂಬ ಜಾಲತಾಣದಲ್ಲಿ 20,000ಕ್ಕೂ ಹೆಚ್ಚು ವಚನಗಳು ಸೇರಿವೆ. ಒಂದು ಪದವನ್ನು ಕೊಟ್ಟರೆ ಅದು ಯಾವ ಯಾವ ಶರಣರ ಯಾವ ಯಾವ ವಚನಗಳಲ್ಲಿ ಬಂದಿದೆಯೆಂದು ಕ್ಷಣದಲ್ಲಿ ತೋರಿಸುವುದು. ನನ್ನ ಗುರುಗಳು ಅಂತಹ ಪದಸೂಚಿಯೊಂದನ್ನು ಕೈಯಿಂದ ಬರೆಯತೊಡಗಿ, ಅರ್ಧಕ್ಕೆ ಬಿಟ್ಟು ಲಿಂಗೈಕ್ಯರಾದರು. ಅದು ಮೊದಲನೆಯ ಸಲ ನನ್ನ ಕಣ್ಣಿಗೆ ಬಿದ್ದಾಗ ಅವರು ಇದ್ದಿದ್ದರೆ ಎಷ್ಟು ಸಂತೋಷಪಡುತ್ತಿದ್ದರೆಂದು ನನಗೆ ಕಣ್ತುಂಬಿ ಬಂದಿತು.

ಹಾಗಾದರೆ ನಮ್ಮ ಹುಡುಗನನ್ನು ಮೋಸಗೊಳಿಸಿದ ಯಂತ್ರವು ಯಾವುದು? ಅದು ಇವೆಲ್ಲಕ್ಕಿಂತ ಬೇರೆ ಜಾತಿಯದು. 2022ರ ನವೆಂಬರಿನಲ್ಲಿ ಚ್ಯಾಟ್‌ಜಿಪಿಟಿ ಎಂಬುದು ಹೊರಬಂದ ಮೇಲೆ ಇಂತಹ ಯಂತ್ರಗಳು ಎಲ್ಲರ ಕೈಗೂ ಬಂದಿವೆ. ಬಲ್ಲವರಿಂದ ಕೇಳಿ ತಿಳಿದಂತೆ ಅದರ ಕೆಲಸದ ಕ್ರಮವನ್ನು ನಿಮಗೆ ಪರಿಚಿತವಾದ ಉದಾಹರಣೆಯಿಂದ ಹೇಳುವೆನು. ನಮ್ಮ ಅವಧಾನಸಭೆಗಳಲ್ಲಿ ಸಮಸ್ಯಾಪೂರಣವೆಂಬುದೊಂದು ಉಂಟಷ್ಟೆ. ಒಂದು ಪಾದವನ್ನು ಕೊಟ್ಟರೆ ಅವಧಾನಿಯು ಉಳಿದ ಪಾದಗಳನ್ನು ತುಂಬಬೇಕು. ಅಲ್ಲಿ ಪರೀಕ್ಷೆಯು ಛಂದಸ್ಸಿಗೆ, ಚಮತ್ಕಾರಕ್ಕೆ. ಹೇಳಿದ ಸಂಗತಿಯು ನಡೆದುದೇ ಎಂದು ಯಾರೂ ಕೇಳುವುದಿಲ್ಲ. ಈ ಯಂತ್ರವೂ ಅಂತಹ ಅವಧಾನಿ. ಅಳತೆಗೆ ಸಿಕ್ಕದಷ್ಟು ಬರೆಹಗಳನ್ನು ಮೊದಲು ಅದಕ್ಕೆ ಉಣಿಸಿರುತ್ತಾರೆ. ಯಾವ ಮಾತಿನ ಮುಂದೆ ಯಾವ ಮಾತು ಬರುವುದು ಸಹಜವೆಂಬುದನ್ನು ಅದು ಅವುಗಳಿಂದ ಕಲಿತಿರುತ್ತದೆ. ಕೇಳಿದ ಪ್ರಶ್ನೆಗೆ ಹಾಗೆಯೇ ಮಾತಿನ ಮುಂದೆ ಮಾತನ್ನು ಜೋಡಿಸುತ್ತ ಹೋಗುತ್ತದೆ. ಇಂಗ್ಲಿಷಿನ ಬರೆಹಗಳು ಅದಕ್ಕೆ ಸಮುದ್ರದಂತೆ ದೊರೆತಿವೆ, ಕನ್ನಡದವು ಅದರ ಮುಂದೆ ಕೆರೆಯಷ್ಟು, ನಡುಗನ್ನಡದವು ಬೊಗಸೆಯಷ್ಟು. ಎಲ್ಲಿ ಉಣಿಸು ಕಡಿಮೆಯೋ ಅಲ್ಲಿ ಕಲ್ಪನೆಯು ಹೆಚ್ಚುವುದು. ಆದರೂ ಅದರ ಧ್ವನಿಯು ಮಾತ್ರ ಎಲ್ಲೆಡೆಯಲ್ಲಿಯೂ ಒಂದೇ. ಬಲ್ಲುದನ್ನು ಹೇಳುವಾಗಲೂ, ಅರಿಯದುದನ್ನು ಕಟ್ಟುವಾಗಲೂ ಅದೇ ವಿನಯ, ಅದೇ ನಿಶ್ಚಯ. ನನಗೆ ತಿಳಿಯದು ಎಂಬ ಮಾತು ಅದರ ಬಾಯಿಂದ ಬರುವುದು ಅಪರೂಪ. ಹೀಗೆಯೇ ಇಲ್ಲದ ವಚನವು ಹುಟ್ಟಿತು.

ಕಲ್ಪಿತ ವಚನಗಳು ಹೊಸವಲ್ಲ. ಹಳೆಯ ಓಲೆಗಳಲ್ಲಿಯೂ ಪ್ರಕ್ಷಿಪ್ತಗಳಿವೆ. ಅವುಗಳನ್ನು ಬೇರ್ಪಡಿಸಲು ನಮ್ಮ ವಿದ್ವಾಂಸರು ಆಯುಷ್ಯವನ್ನು ಸವೆಸಿದ್ದಾರೆ. ಆದರೆ ಆಗ ಒಂದು ಪ್ರಕ್ಷಿಪ್ತವನ್ನು ಸೇರಿಸಲು ಒಬ್ಬ ಮನುಷ್ಯನು ಕಂಠ ಹಿಡಿದು ಕೂಡಬೇಕಾಗಿದ್ದಿತು. ಈಗ ನಿಮಿಷಕ್ಕೆ ಹತ್ತು ಹುಟ್ಟಬಹುದು. ಅವು ಸಭೆಗಳಲ್ಲಿ ಬಂದು, ಪತ್ರಿಕೆಗಳಲ್ಲಿ ಅಚ್ಚಾಗಿ, ಮತ್ತೆ ಯಂತ್ರಕ್ಕೇ ಉಣಿಸಾಗಿ ಹೋಗಬಹುದು. ಹಳಕಟ್ಟಿಯವರು ಮನೆ ಮಾರಿ ಉಳಿಸಿದುದನ್ನು ನಾವು ಸಭೆಯಲ್ಲಿ ತಲೆದೂಗಿ ಕಳೆಯಬಹುದು. ಆ ರಾತ್ರಿ ನನಗೆ ನಿದ್ರೆ ಬಾರದಿದ್ದುದು ಹುಡುಗನ ತಪ್ಪಿಗಲ್ಲ, ನಾನು ತಲೆದೂಗಿದುದಕ್ಕೆ.

ವಿದ್ಯೆಗೆ ಶ್ರವಣ, ಮನನ, ನಿದಿಧ್ಯಾಸನವೆಂದು ಮೂರು ಮೆಟ್ಟಿಲುಗಳನ್ನು ನಮ್ಮ ಹಿರಿಯರು ಹೇಳಿದ್ದಾರೆ. ಶ್ರವಣವೆಂಬ ಮೊದಲನೆಯ ಮೆಟ್ಟಿಲಿನಲ್ಲಿ ಯಂತ್ರವು ಗುರುವನ್ನು ಮೀರಿಸಬಲ್ಲುದೆಂದು ಒಪ್ಪಿಕೊಳ್ಳುವೆನು. ಅದಕ್ಕೆ ದಣಿವಿಲ್ಲ, ಸಿಟ್ಟಿಲ್ಲ, ನೂರು ಸಲ ಕೇಳಿದರೂ ನೂರು ಸಲ ಹೇಳುವುದು, ದಡ್ಡನೆಂದು ಬಯ್ಯುವುದಿಲ್ಲ. ನಾನು ಬಯ್ದಿದ್ದೇನೆ. ಮನನವೆಂಬ ಎರಡನೆಯ ಮೆಟ್ಟಿಲಿನಲ್ಲಿಯೇ ಅಪಾಯವಿರುವುದು. ವಿದ್ಯಾರ್ಥಿಯು ತಾನು ಮಾಡಬೇಕಾದ ಚಿಂತನೆಯನ್ನು ಯಂತ್ರದಿಂದ ಮಾಡಿಸಿ, ಬಂದುದನ್ನು ತನ್ನದೆಂದು ಒಪ್ಪಿಸಬಹುದು. ಮತ್ತೊಬ್ಬನು ಉಂಡರೆ ನಮ್ಮ ಹೊಟ್ಟೆ ತುಂಬುವುದುಂಟೆ? ಬಳ್ಳಾರಿಯ ಮಕ್ಕಳು ಅರ್ಥವಿಲ್ಲದೆ ಬಾಯಿಯಿಂದ ಒಪ್ಪಿಸುತ್ತಿದ್ದರು. ಈಗಿನವರು ಅರ್ಥವಿಲ್ಲದೆ ಬೆರಳಿನಿಂದ ಒಪ್ಪಿಸುವರು. ರೋಗವು ಅದೇ. ನಿದಿಧ್ಯಾಸನ, ಅಂದರೆ ಅರಿತುದು ಆಚಾರವಾಗುವುದು, ಅದಂತೂ ಯಂತ್ರದ ಎಲ್ಲೆಯ ಹೊರಗಿನದು.

ಇದರಿಂದ ಮುಂದಿನ ವಿದ್ಯಾಪದ್ಧತಿಯ ರೂಪವು ಸ್ವಲ್ಪ ಮಟ್ಟಿಗೆ ತೋರುವುದು. ಮನೆಯಲ್ಲಿ ಬರೆದು ತಂದ ಪ್ರಬಂಧಕ್ಕೆ ಬೆಲೆಯು ಕಡಿಮೆಯಾಗುವುದು; ಎದುರಿಗೆ ನಿಂತು ಬಾಯಿಂದ ಹೇಳುವ ಪರೀಕ್ಷೆಗೆ ಬೆಲೆಯು ಹೆಚ್ಚುವುದು. ಇಷ್ಟು ಕಾಲ ಗುರುವು ಹೇಳುತ್ತಿದ್ದನು, ಶಿಷ್ಯನು ಕೇಳುತ್ತಿದ್ದನು. ಇನ್ನು ಮುಂದೆ ಹೇಳುವ ಕೆಲಸವನ್ನು ಬಹುಮಟ್ಟಿಗೆ ಯಂತ್ರವು ವಹಿಸಿಕೊಳ್ಳುವುದು. ಶಿಷ್ಯನು ಹೇಳಬೇಕು, ಗುರುವು ಕೇಳಬೇಕು. ಎಲ್ಲಿ ತಡೆದನು, ಏಕೆ ತಡೆದನು, ಅರಿಯದೆ ದಾಟಿದುದೆಲ್ಲಿ ಎಂದು ಕೇಳುವ ಕಿವಿಯೇ ಮುಂದಿನ ಉಪಾಧ್ಯಾಯನ ಮುಖ್ಯ ಸಾಧನವಾಗುವುದು. ಐಗಳ ಮಠದ ಸಂಜೆಯ ಒಪ್ಪಿಸುವಿಕೆಯು ಮತ್ತೆ ಬರುವುದು. ಆದರೆ ಈ ಸಲ ಅರ್ಥದೊಡನೆ ಬರಬೇಕು. ಯಂತ್ರವು ಬೆಳೆದಷ್ಟೂ ಗುರುವು ಬೇಡವಾಗುವನೆಂದು ಕೆಲವರು ಹೇಳುವರು. ಕೇಳುವ ಗುರುವು ಅಷ್ಟಷ್ಟೂ ಹೆಚ್ಚಾಗಿ ಬೇಕಾಗುವನೆಂದು ನಾನು ತಿಳಿದಿದ್ದೇನೆ.

ಆದುದರಿಂದ ಶ್ರೀಮಠದ ಪಾಠಶಾಲೆ, ಪ್ರಸಾದನಿಲಯಗಳ ವಿಷಯವಾಗಿ ನಾಲ್ಕು ಸೂಚನೆಗಳನ್ನು ಸನ್ನಿಧಿಯವರಲ್ಲಿ ವಿಜ್ಞಾಪಿಸಿಕೊಳ್ಳುತ್ತೇನೆ. ಒಂದನೆಯದು, ವಿದ್ಯಾರ್ಥಿಯು ಯಾವ ಬರೆಹವನ್ನು ಒಪ್ಪಿಸಿದರೂ ಅದರ ವಿಷಯವನ್ನು ಪುಸ್ತಕ ನೋಡದೆ ಗುರುವಿನ ಮುಂದೆ ಹೇಳಿ, ಎರಡು ಪ್ರಶ್ನೆಗಳಿಗಾದರೂ ಉತ್ತರ ಕೊಡಬೇಕು. ಎರಡನೆಯದು, ಈ ಮಠದ ವೇದಿಕೆಯ ಮೇಲೆ ಯಾರೇ ವಚನವನ್ನು ಹೇಳಲಿ, ಸಂಪುಟ, ಸಂಖ್ಯೆಗಳನ್ನು ನೋಡಿಕೊಂಡೇ ಹೇಳಬೇಕು. ಈ ನಿಯಮವು ಮಕ್ಕಳಿಗಿಂತ ಮೊದಲು ನಮ್ಮಂಥ ಉಪನ್ಯಾಸಕರಿಗೆ ಅನ್ವಯಿಸಲಿ. ಮೂರನೆಯದು, ಗಣಕಯಂತ್ರಗಳು ಇರಲಿ. ಆದರೆ ದಾಸೋಹದ ಪಂಕ್ತಿಯಂತೆ ಎಲ್ಲರಿಗೂ ಒಂದೇ ಕೋಣೆಯಲ್ಲಿ, ಒಂದೇ ಅವಧಿಗೆ ಇರಲಿ. ಊರಿನ ಹೆಣ್ಣುಮಕ್ಕಳಿಗೂ ದಿನಕ್ಕೊಂದು ಹೊತ್ತು ಆ ಕೋಣೆಯು ತೆರೆದಿರಲಿ. 75 ವರ್ಷಗಳಿಂದ ಇಲ್ಲಿ ಅನ್ನಕ್ಕೆ ಪಂಕ್ತಿಭೇದ ಮಾಡಿದವರಿಲ್ಲ. ಅರಿವಿಗೂ ಮಾಡುವುದು ಬೇಡ. ನಾಲ್ಕನೆಯದು, ನಮ್ಮ ಭಂಡಾರದಲ್ಲಿರುವ ಓಲೆಯ ಕಟ್ಟುಗಳ ಛಾಯಾಚಿತ್ರಗಳನ್ನು ತೆಗೆಸಿ, ಸರಿಯಾದ ಪಾಠದೊಡನೆ ಲೋಕಕ್ಕೆ ಉಚಿತವಾಗಿ ಕೊಡಬೇಕು. ಯಂತ್ರವು ಸುಳ್ಳು ಹೇಳುವುದೆಂದು ದೂರುವ ನಾವು ಸತ್ಯವನ್ನು ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕಿದರೆ ದೋಷವು ನಮ್ಮದೂ ಆಗುವುದು.

ಈಗ ಹುಡುಗನ ಪ್ರಶ್ನೆಗೆ ಉತ್ತರ. ಬಾಯಿಪಾಠವು ಏತಕ್ಕೆ? ಮಗೂ, ಆ ದಿನ ಒಂದು ಮಾತು ನನ್ನನ್ನು ಹರಳಿನಂತೆ ಒತ್ತಿತೆಂದು ಹೇಳಿದೆನಷ್ಟೆ. ಅದನ್ನು ಒಳಗೆ ಬಿಡದೆ ತಡೆದವರು ಯಾರು? ಬಾಲ್ಯದಲ್ಲಿ ನನ್ನ ಗುರುಗಳು ಬೆಳಗಿನ ಜಾವದಲ್ಲಿ ಎಬ್ಬಿಸಿ ಕಂಠಪಾಠ ಮಾಡಿಸಿದ ನೂರಾರು ವಚನಗಳು. ಅವು ಒಳಗಿದ್ದು, ಇವನು ನಮ್ಮ ಮನೆಯವನಲ್ಲವೆಂದು ಪಿಸುಗುಟ್ಟಿದವು. ಯಂತ್ರವು ನಮಗೆ ಏನನ್ನು ಬೇಕಾದರೂ ಹೇಳಬಹುದು. ಅದು ಹೇಳಿದುದು ನಿಜವೋ ಸುಳ್ಳೋ ಎಂದು ಸಂದೇಹಪಡುವುದಕ್ಕೆ ಮಾತ್ರ ನಮ್ಮೊಳಗೆ ಮೊದಲೇ ಏನಾದರೂ ಇರಬೇಕು. ಬರಿದಾದ ಮನೆಗೆ ಯಾರು ಬಂದರೂ ಒಡೆಯರೇ.

ಆ ವಿದ್ಯಾರ್ಥಿಯ ವಿಷಯವನ್ನು ಹೇಳಿ ಮುಗಿಸುವೆನು. ಅವನಿಗೆ ನಾನು ಶಿಕ್ಷೆ ಕೊಡಲಿಲ್ಲ. ಅದೇ ವಿಷಯದ ಮೇಲೆ ಬಸವಣ್ಣನವರು ನಿಜವಾಗಿ ಏನು ಹೇಳಿದ್ದಾರೆಂದು ಹುಡುಕಿ ತಾ ಎಂದೆನು. ಎಂಟು ದಿನ ಸಂಪುಟವನ್ನೂ ಜಾಲತಾಣವನ್ನೂ ಎದುರಿಗಿಟ್ಟುಕೊಂಡು ಹುಡುಕಿದನು. ಮೂರು ವಚನಗಳನ್ನು ತಂದು, ಸಂಖ್ಯೆಸಹಿತವಾಗಿ ಹೇಳಿ, ಅರ್ಥವನ್ನೂ ಹೇಳಿದನು. ಒಂದು ಕಡೆ ತಪ್ಪಿದನು, ತಿದ್ದಿದೆನು. ಮತ್ತೊಂದು ಕಡೆ ಅವನು ಹೇಳಿದ ಅರ್ಥವು ನನಗೆ ಇದುವರೆಗೆ ಹೊಳೆದಿರಲಿಲ್ಲ. ಅಲ್ಲಿ ನಾನು ಕಲಿತೆನು. ಮುಂದಿನ ಸೋಮವಾರದ ಪ್ರಾರ್ಥನಾಸಭೆಯಲ್ಲಿ ಅವನು ತಾನಾಗಿಯೇ ಎದ್ದು ನಿಂತು, ಹಿಂದೆ ಹೇಳಿದ ವಚನವು ಬಸವಣ್ಣನವರದಲ್ಲವೆಂದು ಎಲ್ಲರ ಮುಂದೆ ಒಪ್ಪಿಕೊಂಡನು. ಆಗ ಯಾರೂ ಚಪ್ಪಾಳೆ ತಟ್ಟಲಿಲ್ಲ. ಆ ಮೌನದಲ್ಲಿ ಅವನ ವಿದ್ಯೆಯು ಒಂದು ಮೆಟ್ಟಿಲು ಏರಿದುದನ್ನು ನಾನು ಕಂಡೆನು.

ಈ ಪ್ರಸಾದನಿಲಯದಲ್ಲಿ ಅನ್ನ, ಅರಿವು ಎರಡೂ ಎಲ್ಲ ಮಕ್ಕಳಿಗೂ ಸಮನಾಗಿ ದೊರೆಯುತ್ತಿರಲಿ. ಬರುವ ಸಾಧನಗಳು ಸಾಧನಗಳಾಗಿಯೇ ಇರಲಿ. ಒಪ್ಪಿಸುವ ಶಿಷ್ಯರೂ ಕೇಳುವ ಗುರುಗಳೂ ಈ ಜಗಲಿಯ ಮೇಲೆ ಎಂದೆಂದಿಗೂ ಇರಲಿ ಎಂದು ಶ್ರೀಗುರುವನ್ನು ಪ್ರಾರ್ಥಿಸಿ, ನನ್ನ ಮಾತುಗಳನ್ನು ಮುಗಿಸುತ್ತೇನೆ.